ಆ ಹುಡುಗಗ ಏನಾತು?

ದೂರದರ್ಶನದಲ್ಲಿ ವಾರಕ್ಕೊಂದು ಕನ್ನಡ ಚಿತ್ರ ಬರುತ್ತಿದ್ದ ದಿನಗಳವು. ಸಂಪಗಾಂವದ ನಮ್ಮ ಸೋದರತ್ತಿಯ ಮನೆಯ ಪಡಸಾಲೆಯಲ್ಲಿ ಅಂದು ಕಾಲಿಡಲು ಜಾಗವಿರಲಿಲ್ಲ. ಅಕ್ಕಪಕ್ಕದ ಮನೆಯ ಹೆಂಗಸರು, ಅವರ ಮಕ್ಕಳು, ಹಿತ್ತಲ ಬಾಗಿಲಲ್ಲಿ ನಿಂತೇ ನೋಡುವ ಸೊಸೆಯಂದಿರು. ಚಿತ್ರ ‘ಕಿತ್ತೂರು ಚೆನ್ನಮ್ಮ’. ಕಪ್ಪ ಕೇಳಿದ ಇಂಗ್ಲಿಷರಿಗೆ ರಾಣಿ ತಿರುಗಿ ಕೇಳುವ ಮಾತು ಬಂತು ನೋಡಿ, ಮಕ್ಕಳೆಲ್ಲ ಆ ಮಾತನ್ನು ಸರೋಜಾದೇವಿಗಿಂತ ಮೊದಲೇ ಹೇಳಿ ಮುಗಿಸಿ ಚಪ್ಪಾಳೆ ತಟ್ಟಿದವು. ನಾನೂ ತಟ್ಟಿದೆ. ಅತ್ತಿ ಮಾತ್ರ ಮೊರದಲ್ಲಿ ತೊಗರಿಬೇಳೆ ಹಸನು ಮಾಡುತ್ತ ಕುಳಿತಿದ್ದಳು. ಚಿತ್ರ ಮುಗಿದು ಎಲ್ಲರೂ ಸೆರಗಿನಿಂದ ಕಣ್ಣೊರೆಸಿಕೊಂಡು ಎದ್ದ ಮೇಲೆ ಆಕೆ ಕೇಳಿದಳು:

“ಅಲ್ಲವಾ, ಆ ಹುಡುಗಗ ಏನಾತು?”

“ಯಾವ ಹುಡುಗ, ಅತ್ತಿ?”

“ಅದs, ದತ್ತಕ ತಗೊಂಡ್ರಲಾ. ಯಾರ ಸಲುವಾಗಿ ಇಷ್ಟೆಲ್ಲಾ ಆತು, ಆ ಹುಡುಗ.”

ನನ್ನ ಬಳಿ ಉತ್ತರವಿರಲಿಲ್ಲ. ಬಿ.ಎ.ಯಲ್ಲಿ ಇತಿಹಾಸ ಓದಿದವಳು ನಾನು! ಅತ್ತಿ ಮೊರ ಎತ್ತಿಕೊಂಡು ಒಳಗೆ ಹೋದಳು.

2025ರ ಜುಲೈಯಲ್ಲಿ ಸರೋಜಾದೇವಿ ತೀರಿಕೊಂಡ ಸುದ್ದಿ ಬಂದಾಗ ಆ ಚಿತ್ರವನ್ನು ಮತ್ತೆ ನೋಡಬೇಕೆನಿಸಿತು. ನೋಡಿದೆ. ಬಿ. ಆರ್. ಪಂತುಲು ಅವರ 1961ರ ಚಿತ್ರ ಅದು. ಮಲ್ಲಸರ್ಜನಾಗಿ ರಾಜಕುಮಾರ್, ಚೆನ್ನಮ್ಮನಾಗಿ ಸರೋಜಾದೇವಿ. ಹೆಂಗಸಿನ ಹೆಸರಿನ ಚಿತ್ರದಲ್ಲಿ ಹೆಂಗಸೇ ಕೊನೆಯವರೆಗೂ ನಡುವೆ ನಿಂತಿರುವುದು ಆಗಿನ ಕಾಲಕ್ಕೆ ಸಣ್ಣ ಸಂಗತಿಯಲ್ಲ. ಆಕೆಯ ನಿಲುವು, ಮಾತಿನ ಬಿರುಸು, ಇವುಗಳಿಗೆ ಈಗಲೂ ಮೈ ಜುಮ್ಮೆನ್ನುತ್ತದೆ. ಅದರಲ್ಲಿ ನನಗೆ ತಕರಾರಿಲ್ಲ. ನನ್ನ ತಕರಾರು ಅತ್ತಿಯ ತಕರಾರೇ. ಕಿತ್ತೂರಿನ ಜಗಳ ಹುಟ್ಟಿದ್ದು ಒಂದು ದತ್ತಕದಿಂದ. ನಾವು ಚಿತ್ರದಿಂದ ಮನೆಗೆ ಹೊತ್ತು ತರುವುದು ಒಂದು ಕಪ್ಪದ ಮಾತನ್ನು.

ಕಪ್ಪದ ಮಾತು ಇಷ್ಟು ದೊಡ್ಡದಾದದ್ದು ಹೇಗೆ? ನನಗೊಂದು ಗುಮಾನಿ ಇದೆ. ಇದೇ ಪಂತುಲು ಅವರು ಎರಡು ವರ್ಷ ಮೊದಲು, 1959ರಲ್ಲಿ, ಶಿವಾಜಿ ಗಣೇಶನ್ ಅವರನ್ನು ಹಾಕಿಕೊಂಡು ತಮಿಳಿನಲ್ಲಿ ‘ವೀರಪಾಂಡಿಯ ಕಟ್ಟಬೊಮ್ಮನ್’ ತೆಗೆದಿದ್ದರು. ಅಲ್ಲಿಯೂ ಕಂಪನಿಯವನು ಕಪ್ಪ ಕೇಳುತ್ತಾನೆ, ಪಾಳೆಯಗಾರ ಗುಡುಗುತ್ತಾನೆ, ಟಾಕೀಜು ಗುಡುಗುತ್ತದೆ. ಕಟ್ಟಬೊಮ್ಮನಿಗೆ ಹೊಲಿದ ಅಂಗಿಯನ್ನು ನಮ್ಮ ರಾಣಿಗೂ ತೊಡಿಸಿದರೇನೋ. ಅಂಗಿ ಚೆನ್ನಾಗಿಯೇ ಒಪ್ಪಿತು. ಆದರೆ ಆಕೆ ಉಟ್ಟಿದ್ದ ಇಳಕಲ್ಲ ಸೀರೆ ಅದರಡಿಯಲ್ಲಿ ಮುಚ್ಚಿಹೋಯಿತು.

ಸಂಗತಿ ನಡೆದದ್ದು ಹೀಗೆ. ಮಲ್ಲಸರ್ಜ ದೇಸಾಯಿ ತೀರಿದ್ದು 1816ರಲ್ಲಿ. ಆಮೇಲೆ ಗಾದಿಗೆ ಬಂದವನು ಹಿರಿಯ ರಾಣಿ ರುದ್ರಮ್ಮನ ಮಗ ಶಿವಲಿಂಗರುದ್ರಸರ್ಜ. 1818ರಲ್ಲಿ ಪೇಶವೆಯ ಆಡಳಿತ ಮುಗಿದ ಮೇಲೆ ಕಿತ್ತೂರು ಕಂಪನಿಯ ಮೇಲಾಳಿಕೆ ಒಪ್ಪಿಕೊಂಡು ಸನದು ಪಡೆದಿತ್ತು. ಅಂದರೆ ಕಾಣಿಕೆ ಕೊಡುವ ಮಾತು ಆಗಲೇ ಆಗಿಹೋಗಿತ್ತು. ಮಕ್ಕಳಿಲ್ಲದ ಶಿವಲಿಂಗರುದ್ರಸರ್ಜ 1824ರ ಸೆಪ್ಟೆಂಬರಿನಲ್ಲಿ ಕಣ್ಣು ಮುಚ್ಚಿದ. ಮಾಸ್ತಮರಡಿಯ ಗೌಡರ ಮನೆಯ ಹುಡುಗ ಶಿವಲಿಂಗಪ್ಪನನ್ನು ದತ್ತಕ ತೆಗೆದುಕೊಂಡಿದ್ದೇವೆ ಎಂದು ಕಿತ್ತೂರಿನವರು ಧಾರವಾಡಕ್ಕೆ ತಿಳಿಸಿದರು. ಧಾರವಾಡದಲ್ಲಿ ಆಗ ಕಲೆಕ್ಟರನೂ ಪೊಲಿಟಿಕಲ್ ಏಜೆಂಟನೂ ಆಗಿದ್ದವನು ಸೇಂಟ್ ಜಾನ್ ಥ್ಯಾಕರೆ. ಇಂಗ್ಲಿಷ್ ಕಾದಂಬರಿಕಾರ ಥ್ಯಾಕರೆಯ ಚಿಕ್ಕಪ್ಪ ಇವನು. ದತ್ತಕ ತೆಗೆದುಕೊಂಡದ್ದು ದೊರೆ ಬದುಕಿದ್ದಾಗಲೋ ಸತ್ತ ಮೇಲೋ, ಕಾಗದದ ಮೇಲಿನ ಸಹಿ ಅವನದೇ ಹೌದೋ, ಅದೂ ಅಲ್ಲದೆ ಕಂಪನಿಯ ಅಪ್ಪಣೆ ಎಲ್ಲಿ ಪಡೆದಿರಿ ಎಂದು ಥ್ಯಾಕರೆ ತಗಾದೆ ತೆಗೆದ. ದತ್ತಕವನ್ನು ಒಪ್ಪಲಿಲ್ಲ. ಬೊಕ್ಕಸಕ್ಕೆ ಮೊಹರು ಹಾಕಿಸಿ ಕಾವಲು ಕೂಡಿಸಿದ.

ಓದುಗರೇ, ಇಲ್ಲಿ ಸ್ವಲ್ಪ ನಿಲ್ಲಿ. ಇದು ನಿಮಗೆ ಎಲ್ಲೋ ಕೇಳಿದಂತೆ ಅನಿಸುವುದಿಲ್ಲವೆ? ನಮ್ಮ ಬೈಲಹೊಂಗಲ, ಸವದತ್ತಿ, ರಾಮದುರ್ಗದ ಕಡೆ ಇಂಥ ತಂಟೆ ಇಲ್ಲದ ಗೌಡರ ಮನೆತನ ಹುಡುಕಿದರೂ ಸಿಗುವುದು ಕಷ್ಟ. ಗಂಡ ಸತ್ತ, ಮಕ್ಕಳಿಲ್ಲ, ದತ್ತಕ ತೆಗೆದುಕೊಂಡರು, ಭಾವ-ಮೈದುನರು ‘ಸಹಿ ಸುಳ್ಳು’ ಎಂದರು. ಬೀಗ ಜಡಿದರು. ಅರಮನೆಯ ಕತೆಯೆಂದು ದೂರವಿಟ್ಟು ನೋಡುವುದರಿಂದ ನಮಗದು ಗುರುತು ಸಿಗುವುದಿಲ್ಲ ಅಷ್ಟೆ.

ನಮ್ಮ ಅತ್ತಿಗೆ ಗುರುತು ಸಿಕ್ಕಿತ್ತು, ಏಕೆಂದರೆ ಆಕೆಯ ಮನೆಯಲ್ಲೂ ಅದೇ ನಡೆದಿತ್ತು. ಮಾವ 1977ರಲ್ಲಿ ತೀರಿಕೊಂಡರು. ಎರಡು ವರ್ಷದ ಮೇಲೆ ಅತ್ತಿ, ಮಾವನ ದಾಯಾದಿಗಳ ಮನೆಯ ಒಂಬತ್ತು ವರ್ಷದ ಹುಡುಗನನ್ನು ಉಡಿಯಲ್ಲಿ ಹಾಕಿಸಿಕೊಂಡಳು. ಮಠದ ಅಯ್ಯಾರು ಬಂದಿದ್ದರು, ಐದು ಜನ ಮುತ್ತೈದೆಯರು ಆರತಿ ಎತ್ತಿದ್ದರು, ಹೋಳಿಗೆ ಊಟವಾಗಿತ್ತು. ಮುದ್ರಾಂಕದ ಕಾಗದದ ಮೇಲೆ ಬರೆದೂ ಇಟ್ಟಿದ್ದರು. ರಿಜಿಸ್ಟರ ಮಾಡಿಸಿರಲಿಲ್ಲ. ‘ನಮ್ಮ ನಮ್ಮಾಗ ಎಂಥಾ ರಿಜಿಸ್ಟರ’ ಎಂದಿದ್ದರಂತೆ ಹಿರಿಯರು. ಆ ‘ನಮ್ಮ ನಮ್ಮಾಗ’ ಎಂಬ ಮಾತಿಗೆ ನಮ್ಮ ಹೆಣ್ಣುಮಕ್ಕಳು ಎಷ್ಟು ಎಕರೆ ಹೊಲ ತೆತ್ತಿದ್ದಾರೋ! 1983ರಲ್ಲಿ ಅತ್ತಿಯ ಮೈದುನ ದಾವೆ ಹೂಡಿದ. ದತ್ತಕವೇ ಆಗಿಲ್ಲ, ಕಾಗದ ಆಮೇಲೆ ಹುಟ್ಟಿಸಿದ್ದು, ಉತಾರದಲ್ಲಿ ಹುಡುಗನ ಹೆಸರು ಹಚ್ಚಕೂಡದು ಎಂದು.

ಕೋರ್ಟಿಗೆ ಅತ್ತಿಯ ಜೊತೆ ಹೋಗುವ ಕೆಲಸ ನನ್ನದು. ಬುತ್ತಿ ಕಟ್ಟಿಕೊಂಡು ಹೋಗಿ ಕಟ್ಟೆಯ ಮೇಲೆ ಕೂಡುವುದು, ಪಟ್ಟೇವಾಲಾ ಹೆಸರು ಕೂಗಲಿ ಎಂದು ಕಾಯುವುದು, ಇನ್ನೊಂದು ತಾರೀಖು ಬರೆಸಿಕೊಂಡು ಸಂಜೆಯ ಬಸ್ಸು ಹಿಡಿಯುವುದು. ಅದು ಯಾವ ಊರಿನ ಕೋರ್ಟು ಎಂಬುದು ಬೇಡ, ಎಲ್ಲ ಕಡೆಯೂ ಅದೇ ಕಟ್ಟೆ, ಅದೇ ಬೇವಿನ ಗಿಡ. ಅಲ್ಲಿ ನನಗೆ ಆದ ಬೇಸರಕ್ಕೆ ಲೆಕ್ಕವಿಲ್ಲ. ಒಂದು ವರ್ಷ ನ್ಯಾಯಾಧೀಶರೇ ಇರಲಿಲ್ಲ. ಇನ್ನೊಂದು ವರ್ಷ ಎದುರು ವಕೀಲರಿಗೆ ಪ್ರತಿ ತಾರೀಖಿಗೂ ಏನಾದರೊಂದು ಅಡಚಣೆ. ಅತ್ತಿ ಎರಡು ಎಳೆ ಬೋರಮಾಳ ಮಾರಿದ್ದು ಆಗಲೇ.

ಆದರೆ ಒಂದು ದಿನ ಬಂತು. ಅತ್ತಿಯನ್ನು ಸಾಕ್ಷಿ ಕಟಕಟೆಗೆ ಕರೆದರು. ಎದುರು ವಕೀಲರು ಸಹಿಯ ಬಗ್ಗೆ ಕೇಳಿದರು, ಮುದ್ರಾಂಕದ ತಾರೀಖಿನ ಬಗ್ಗೆ ಕೇಳಿದರು. ಅತ್ತಿ ತಡವರಿಸಿದಳು. ಆಗ ಮೇಲೆ ಕುಳಿತ ಸಾಹೇಬರು ಬರೆಯುವುದನ್ನು ನಿಲ್ಲಿಸಿ ತಾವೇ ಕೇಳಿದರು: “ಅವ್ವಾರ, ಆ ದಿನ ಏನೇನಾತು, ನೀವು ಕಂಡಂಗ ಹೇಳ್ರಿ.” ಅತ್ತಿ ಹೇಳಿದಳು. ಹುಡುಗನ ತಾಯಿ ಅವನ ಕೈ ಹಿಡಿದು ತಂದದ್ದು, ಆಕೆಯ ಕೈ ನಡುಗುತ್ತಿದ್ದದ್ದು, ಹುಡುಗನನ್ನು ತನ್ನ ಉಡಿಯಲ್ಲಿ ಕೂಡಿಸಿದಾಗ ಅವನು ನಾಚಿಕೊಂಡು ಎದ್ದು ಓಡಿದ್ದು, ಮತ್ತೆ ಹಿಡಿದು ತಂದು ಕೂಡಿಸಿದ್ದು. ಕೋರ್ಟಿನಲ್ಲಿ ಎಲ್ಲರೂ ನಕ್ಕರು, ಸಾಹೇಬರೂ ನಕ್ಕರು. ಅವರು ನಕ್ಕದ್ದು ನನಗೆ ನೆನಪಿದೆ, ಬರೆದುಕೊಂಡದ್ದೂ ನೆನಪಿದೆ. ಆಮೇಲೆ ಆರತಿ ಎತ್ತಿದ ಮುತ್ತೈದೆಯರಲ್ಲಿ ಇಬ್ಬರು ಬಂದು ಸಾಕ್ಷಿ ಹೇಳಿದರು.

1956ರ ಹಿಂದೂ ದತ್ತಕ ಮತ್ತು ಜೀವನಾಂಶದ ಕಾಯಿದೆ ಓದಿದವರಿಗೆ ಗೊತ್ತು, ಅಲ್ಲಿ ಮುಖ್ಯವಾದದ್ದು ಕೊಡುವುದು ಮತ್ತು ತೆಗೆದುಕೊಳ್ಳುವುದು. ಹೋಮ ಕಡ್ಡಾಯವಲ್ಲ ಎಂದು ಕಾಯಿದೆಯೇ ಹೇಳುತ್ತದೆ. ವಿಧವೆ ತನ್ನ ಹಕ್ಕಿನಿಂದಲೇ ದತ್ತಕ ತೆಗೆದುಕೊಳ್ಳಬಹುದು, ಸತ್ತ ಗಂಡನ ಅಪ್ಪಣೆಯ ಚೀಟಿ ಬೇಕಿಲ್ಲ. ದತ್ತಕ ಪತ್ರ ರಿಜಿಸ್ಟರ ಆಗಿದ್ದರೆ ಅದು ಸರಿಯೆಂದೇ ಕೋರ್ಟು ತಿಳಿಯಬೇಕು, ಸುಳ್ಳೆಂದು ತೋರಿಸುವ ಹೊರೆ ಎದುರಿನವರ ಮೇಲೆ. (ಅದಕ್ಕೇ ಹೇಳುವುದು, ನಮ್ಮ ನಮ್ಮೊಳಗಿನದನ್ನೂ ರಿಜಿಸ್ಟರ ಮಾಡಿಸಿರಿ.) ಪಂತುಲು ಅವರ ಚಿತ್ರ ತೆರೆಗೆ ಬರುವ ಹೊತ್ತಿಗೆ ಈ ಕಾಯಿದೆಗೆ ಆಗಲೇ ಐದು ವರ್ಷ. ಟಾಕೀಜಿನಲ್ಲಿ ಕುಳಿತು ಚಪ್ಪಾಳೆ ತಟ್ಟಿದ ವಿಧವೆಯರ ಕೈಗೆ, ಚೆನ್ನಮ್ಮನಿಗೆ ಸಿಗದ ಹಕ್ಕು ಬಂದಾಗಿತ್ತು. ಚಿತ್ರ ಅವರ ಕಡೆ ತಿರುಗಿ ನೋಡಲಿಲ್ಲ.

ಕಿತ್ತೂರಿಗೆ ಮರಳೋಣ. ನಾನು ಥ್ಯಾಕರೆಯ ಪಕ್ಷದವಳಲ್ಲ. ಆದರೂ ಒಂದು ಮಾತು ಹೇಳದೆ ವಿಮರ್ಶೆ ಮುಂದೆ ಸಾಗುವುದಿಲ್ಲ. ಅವನ ಸಂಶಯ ಪೂರ್ತಿ ಕಟ್ಟುಕತೆ ಎಂದು ನಾವು ಹಟ ಹಿಡಿಯಬೇಕಿಲ್ಲ. ಸಾಯುವ ಹೊತ್ತಿನಲ್ಲಿ, ಗಡಿಬಿಡಿಯಲ್ಲಿ ಮಾಡಿದ ದತ್ತಕಗಳಲ್ಲಿ ತಾರೀಖು ಹಿಂದು ಮುಂದಾಗುವುದುಂಟು. ಸಂಶಯ ಬಂದರೆ ವಿಚಾರಣೆ ನಡೆಸಬೇಕು. ಹುಡುಗನನ್ನು ಕೊಟ್ಟವರನ್ನು, ಉಡಿಯಲ್ಲಿ ಹಾಕಿಸಿಕೊಂಡವರನ್ನು, ಆರತಿ ಎತ್ತಿದವರನ್ನು ಕೇಳಬೇಕು. ಕೇಳುವವನು ಆ ಆಸ್ತಿಯ ಮೇಲೆ ಕಣ್ಣಿಲ್ಲದವನಾಗಿರಬೇಕು. ದತ್ತಕ ಸುಳ್ಳೆಂದರೆ ಕಿತ್ತೂರು ಸೇರುವುದು ಯಾರಿಗೆ? ಕಂಪನಿಗೆ. ದತ್ತಕ ಸುಳ್ಳೆಂದು ಹೇಳುವವರಾರು? ಕಂಪನಿಯ ಕಲೆಕ್ಟರ. ನಮ್ಮ ಅತ್ತಿಯ ಮೈದುನನೇ ಮೇಲೆ ಕುರ್ಚಿ ಹಾಕಿಕೊಂಡು ಕುಳಿತು ತೀರ್ಪು ಬರೆದಂತಾಯಿತು!

ಚೆನ್ನಮ್ಮ ಮುಂಬಯಿಯ ಗವರ್ನರ ಎಲ್ಫಿನ್‌ಸ್ಟನ್‌ನಿಗೆ ಬರೆದು ಕೇಳಿಕೊಂಡಳು. ಕತ್ತಿಗೆ ಕೈ ಹಾಕುವ ಮೊದಲು ಆಕೆ ಕಾಗದಕ್ಕೆ ಕೈ ಹಾಕಿದ್ದಳು ಎಂಬುದು ನಮ್ಮ ನಾಟಕಗಳಲ್ಲಿ, ಲಾವಣಿಗಳಲ್ಲಿ, ಉತ್ಸವದ ಮೆರವಣಿಗೆಗಳಲ್ಲಿ ಎಲ್ಲಿದೆ? ಅರ್ಜಿ ಹೋದದ್ದಾದರೂ ಎಲ್ಲಿಗೆ? ಕಂಪನಿಯ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ. 1824ರ ಅಕ್ಟೋಬರ 23ರಂದು ಥ್ಯಾಕರೆ ಕೋಟೆಯ ಬಾಗಿಲಿಗೆ ತೋಪು ತಂದು ನಿಲ್ಲಿಸಿದ, ಅಲ್ಲಿಯೇ ಸತ್ತ. ಮುಂದಿನದು ಎಲ್ಲರಿಗೂ ಗೊತ್ತು. ಸೆರೆಸಿಕ್ಕ ಎಲಿಯಟ್, ಸ್ಟೀವನ್ಸನ್ ಇಬ್ಬರನ್ನೂ ರಾಣಿ ಕೂದಲು ಕೊಂಕದಂತೆ ಇಟ್ಟು ಬಿಟ್ಟುಕೊಟ್ಟಳು. (ಆ ವಾಲ್ಟರ್ ಎಲಿಯಟ್ ಮುಂದೆ ನಮ್ಮ ನಾಡಿನ ಶಿಲಾಶಾಸನಗಳನ್ನು ಕಲೆಹಾಕಿದ ದೊಡ್ಡ ವಿದ್ವಾಂಸನಾದ. ಆ ದಿನ ಅವನ ತಲೆ ಹೋಗಿದ್ದರೆ ನಮ್ಮ ಎಷ್ಟೋ ಶಾಸನಗಳ ನಕಲು ಸಿಗುತ್ತಿರಲಿಲ್ಲವೇನೋ.) ಡಿಸೆಂಬರಿನಲ್ಲಿ ದೊಡ್ಡ ದಂಡು ಬಂತು, ಕೋಟೆ ಬಿತ್ತು. ರಾಣಿಯನ್ನು ಬೈಲಹೊಂಗಲಕ್ಕೆ ತಂದು ಸೆರೆಯಿಟ್ಟರು. 1829ರ ಫೆಬ್ರುವರಿಯಲ್ಲಿ ಅಲ್ಲಿಯೇ ಆಕೆ ತೀರಿಕೊಂಡಳು.

ಚಿತ್ರದಲ್ಲಿ ಸೋಲಿಗೆ ಕಾರಣ ಸಿದ್ಧವಾಗಿದೆ: ಮಲ್ಲಪ್ಪಶೆಟ್ಟಿ ಮತ್ತು ವೆಂಕಟರಾವ. ಮನೆಮುರುಕರಿಬ್ಬರು. ಅವರನ್ನು ಬೈದರೆ ನಮಗೆ ಸಮಾಧಾನ. ದ್ರೋಹಿ ಸಿಕ್ಕ ಕೂಡಲೇ ಕತೆ ಸುಲಭವಾಗುತ್ತದೆ, ಬೇರೆ ಪ್ರಶ್ನೆ ಏಳುವುದಿಲ್ಲ. ಆ ಇಬ್ಬರೂ ಹರಿಶ್ಚಂದ್ರರಾಗಿದ್ದರೂ ಕಂಪನಿ ಕಿತ್ತೂರನ್ನು ಬಿಡುತ್ತಿತ್ತೇ? ರಾಣಿಯ ಮಾತು ಕೇಳುವ ಮೂರನೆಯವನು ಇಡೀ ವ್ಯವಸ್ಥೆಯಲ್ಲಿ ಇರಲಿಲ್ಲ ಎಂಬ ಸಂಗತಿ ಚಿತ್ರಕ್ಕೆ ಬೇಕಾಗಿಲ್ಲ. ಅದನ್ನು ತೋರಿಸಲು ಕುದುರೆ, ಕತ್ತಿ ಯಾವುದೂ ಬೇಡ. ಒಂದು ಖಾಲಿ ಕುರ್ಚಿ ಸಾಕಿತ್ತು.

ಆ ಕುರ್ಚಿ ಬಹಳ ಕಾಲ ಖಾಲಿಯೇ ಇತ್ತು. ಝಾನ್ಸಿಯಲ್ಲಿ ಗಂಗಾಧರರಾವ 1853ರಲ್ಲಿ, ಸಾಯುವುದಕ್ಕೆ ಒಂದು ದಿನ ಮೊದಲು ದತ್ತಕ ತೆಗೆದುಕೊಂಡ. ಲಕ್ಷ್ಮೀಬಾಯಿ ಜಾನ್ ಲ್ಯಾಂಗ್ ಎಂಬ ವಕೀಲನನ್ನು ಕರೆಸಿ ಸಲಹೆ ಪಡೆದಳು, ಡಾಲ್‌ಹೌಸಿಗೆ ಅರ್ಜಿಯ ಮೇಲೆ ಅರ್ಜಿ ಬರೆದಳು. ಉಪಯೋಗವಾಗಲಿಲ್ಲ. ತಂಜಾವೂರಿನ ರಾಣಿ ಕಾಮಾಕ್ಷಿಬಾಯಿಯ ಕತೆ ಇನ್ನೂ ವಿಚಿತ್ರ. 1855ರಲ್ಲಿ ದೊರೆ ತೀರಿದ, ಕಂಪನಿ ರಾಜ್ಯದ ಜೊತೆ ಮನೆಯ ಸ್ವಂತ ಸೊತ್ತನ್ನೂ ವಶಪಡಿಸಿಕೊಂಡಿತು. ರಾಣಿ ಎದೆಗುಂದದೆ ಮದರಾಸಿನ ಕೋರ್ಟಿಗೆ ಹೋದಳು. ಗೆದ್ದಳು ಕೂಡ! ಕಂಪನಿಯ ಕಡೆಯವರು ಲಂಡನ್ನಿನ ಪ್ರಿವಿ ಕೌನ್ಸಿಲಿಗೆ ಒಯ್ದರು. 1859ರಲ್ಲಿ ಅಲ್ಲಿ ಬಂದ ತೀರ್ಪಿನ ತಾತ್ಪರ್ಯ ಇಷ್ಟೆ: ಇದು ರಾಜ್ಯ ತನ್ನ ಅಧಿಕಾರದಿಂದ ಮಾಡಿದ ಕೃತ್ಯ, ಸರಿಯೋ ತಪ್ಪೋ ಎಂದು ನೋಡುವುದು ಕೋರ್ಟಿನ ಕೆಲಸವಲ್ಲ. ಮದರಾಸಿನಲ್ಲಿ ತೆರೆದ ಬಾಗಿಲು ಲಂಡನ್ನಿನಲ್ಲಿ ಮುಚ್ಚಿತು.

ಬಾಗಿಲು ಮುಚ್ಚಿದರೆ ಜನ ಏನು ಮಾಡುತ್ತಾರೆ ಎಂಬುದು ನಮ್ಮ ಊರಿಗೇ ಗೊತ್ತು. ಸಂಗೊಳ್ಳಿ ರಾಯಣ್ಣ ಶೆತಸನದಿ. ಅವನಂಥವರ ಇನಾಮು ಹೊಲಗಳಿಗೂ ಕಂಪನಿ ಕೈಹಾಕಿತ್ತು. 1830ರಲ್ಲಿ ಅವನ ಪಡೆ ಬೀಡಿಯಲ್ಲಿ ಸರಕಾರಿ ಕಚೇರಿ ಸುಟ್ಟಿತು, ನಮ್ಮ ಸಂಪಗಾಂವದ ಕಚೇರಿಯ ಮೇಲೂ ಬಿತ್ತು. ಬಂಗಾರಕ್ಕಿಂತ ಹೆಚ್ಚಿನ ಸಿಟ್ಟು ಅವರಿಗೆ ದಫ್ತರದ ಮೇಲೆ. ತಮ್ಮ ಮಾತು ಯಾವ ಕಾಗದದಲ್ಲೂ ಬರೆಯಿಸಿಕೊಳ್ಳದವರು ಕಾಗದವನ್ನೇ ಸುಟ್ಟರು. ಅವನು ದಂಡೆತ್ತಿದ್ದು ಅದೇ ಶಿವಲಿಂಗಪ್ಪನ ಹೆಸರಿನಲ್ಲಿ. ರಾಯಣ್ಣನನ್ನು 1831ರ ಜನವರಿಯಲ್ಲಿ ನಂದಗಡದಲ್ಲಿ ಗಲ್ಲಿಗೇರಿಸಿದರು. ಶಿವಲಿಂಗಪ್ಪನೂ ಕಂಪನಿಯವರ ಕೈಗೆ ಸಿಕ್ಕ. ಅತ್ತಿಯ ಪ್ರಶ್ನೆಗೆ ನಾನು ಹೇಳಬಹುದಾದ ಉತ್ತರ ಇದು. ಹೇಳುವುದಕ್ಕೆ ಬಹಳ ತಡಮಾಡಿದೆ.

ಹಾಗೆಂದು ಇವತ್ತಿನ ಕೋರ್ಟುಗಳಿಗೆ ಆರತಿ ಎತ್ತಲು ನನ್ನಿಂದಾಗದು. ಅತ್ತಿಯ ದಾವೆ 1990ರಲ್ಲಿ ಆಕೆಯಂತೆ ಆಯಿತು, ಮೇಲಿನ ಕೋರ್ಟಿನಲ್ಲಿ 1996ರಲ್ಲಿ ಮೈದುನನಂತೆ ಆಯಿತು. ಮುಂದೆ ಬೆಂಗಳೂರಿನ ಹೈಕೋರ್ಟು. ರಾತ್ರಿ ಬಸ್ಸಿಗೆ ಕುಳಿತು, ಬೆಳಿಗ್ಗೆ ಮೆಜೆಸ್ಟಿಕ್ಕಿನಲ್ಲಿ ಇಳಿದು, ಅಲ್ಲೇ ಮುಖ ತೊಳೆದು, ವಕೀಲರ ಕಚೇರಿಯ ಮೆಟ್ಟಿಲ ಮೇಲೆ ಕೂಡುವುದು. ಅರವತ್ತು ದಾಟಿದ ಹೆಂಗಸಿಗೆ ಅದು ನ್ಯಾಯವೋ ಶಿಕ್ಷೆಯೋ? ನಮ್ಮ ಭಾಗದ ವಕೀಲರು, ಜನರು ವರ್ಷಗಟ್ಟಲೆ ಚಳವಳಿ ಮಾಡಿದ ಮೇಲೆ 2008ರ ಜುಲೈಯಲ್ಲಿ ಧಾರವಾಡದಲ್ಲಿ ಸಂಚಾರಿ ಪೀಠ ಶುರುವಾಯಿತು, 2013ರಲ್ಲಿ ಕಾಯಂ ಆಯಿತು. ಅತ್ತಿಯ ಕಡತವೂ ಧಾರವಾಡಕ್ಕೆ ಬಂತು. ಥ್ಯಾಕರೆ ಕುಳಿತಿದ್ದ ಧಾರವಾಡ! ಮುಂಜಾನೆ ರೊಟ್ಟಿ ಬಡಿದಿಟ್ಟು ಹೋಗಿ ಸಂಜೆ ದೀಪ ಹಚ್ಚುವ ಹೊತ್ತಿಗೆ ಮನೆಗೆ ಬರಬಹುದಾಯಿತು. ಇನ್ನೊಂದು ಸಂಗತಿ ನಮಗೆ ತಿಳಿಯುವ ಹೊತ್ತಿಗೆ ಬೋರಮಾಳ ಹೋಗಿಯಾಗಿತ್ತು. 1995ರಿಂದ ಜಾರಿಯಲ್ಲಿರುವ ಕಾನೂನು ಸೇವೆಗಳ ಕಾಯಿದೆಯ ಪ್ರಕಾರ ಹೆಂಗಸರಿಗೆ ಆದಾಯ ಎಷ್ಟೇ ಇರಲಿ, ಪುಕ್ಕಟೆ ವಕೀಲರನ್ನು ಕೇಳುವ ಹಕ್ಕಿದೆ. ತಾಲೂಕಿನ ಕೋರ್ಟಿನಲ್ಲೇ ಅದಕ್ಕೆ ಸಮಿತಿ ಇರುತ್ತದೆ. ಇದನ್ನು ಹೇಳುವ ಸಿನಿಮಾ ಯಾರಾದರೂ ತೆಗೆದಿದ್ದರೆ ಅತ್ತಿಯ ಕೊರಳಲ್ಲಿ ಬಂಗಾರ ಉಳಿಯುತ್ತಿತ್ತು.

ಒಮ್ಮೆ ಬೇಸತ್ತು ನಾನೇ ಕೇಳಿದ್ದೆ, “ಸಾಕು ಬಿಡು ಅತ್ತಿ, ಹಿರ್ಯಾರನ್ನ ಕೂಡಿಸಿ ಬಗೆಹರಿಸಿಕೊಂಡು ಬಿಡೋಣು.” ಅತ್ತಿ ನನ್ನ ಮುಖ ನೋಡಿದಳು.

“ಹಿರ್ಯಾರು ಯಾರವ್ವಾ? ಅವನ ಸೋದರಮಾವ, ಅವನ ಬೀಗ, ಅವನ ಜೋಡಿ ಎಲಿ-ಅಡಿಕಿ ಹಾಕೂ ಮಂದಿ. ನಾ ಬಾಗಲದಾಗ ನಿಂತು ಕೇಳಬೇಕು. ಅಲ್ಲೆ ಹಂಗಲ್ಲ. ನನಗೂ ಒಂದು ಕಟಕಟಿ, ಅವಗೂ ಒಂದು ಕಟಕಟಿ.”

ನಮ್ಮ ವಿಮರ್ಶಕರು ಐತಿಹಾಸಿಕ ಚಿತ್ರಗಳ ಬಗ್ಗೆ ಬರೆಯುವಾಗ ಉಡುಪು ಸರಿಯಿದೆಯೇ, ಕೋಟೆ ಸರಿಯಿದೆಯೇ ಎಂದು ನೋಡುತ್ತಾರೆ. ಇತಿಹಾಸಕ್ಕೆ ಅಪಚಾರವಾಯಿತೆಂದು ಒಮ್ಮೊಮ್ಮೆ ಕೂಗುತ್ತಾರೆ. ಚೆನ್ನಮ್ಮನ ವ್ಯಾಜ್ಯ ಏನಿತ್ತು ಎಂದು ಕೇಳಿದ್ದನ್ನು ನಾನು ಓದಿಲ್ಲ. ಪ್ರತಿ ವರ್ಷ ಅಕ್ಟೋಬರ 23ಕ್ಕೆ ಕಿತ್ತೂರ ಉತ್ಸವ ನಡೆಯುತ್ತದೆ. 2024ಕ್ಕೆ ಆ ವಿಜಯಕ್ಕೆ ಇನ್ನೂರು ವರ್ಷ ತುಂಬಿತು. ಕುದುರೆಯ ಮೇಲೆ ಕುಳಿತು ಕತ್ತಿ ಎತ್ತಿದ ರಾಣಿಯನ್ನು ಎಲ್ಲರೂ ಬಲ್ಲರು, ಪಾರ್ಲಿಮೆಂಟಿನ ಆವರಣದಲ್ಲೂ 2007ರಿಂದ ಆಕೆ ನಿಂತಿದ್ದಾಳೆ. ಕಾಗದ ಮುಂದಿಟ್ಟುಕೊಂಡು, ಕಾರಕೂನನಿಗೆ ಒಂದೊಂದೇ ಮಾತು ಹೇಳಿ ಬರೆಸುತ್ತ ಕುಳಿತ ರಾಣಿಯನ್ನು ಯಾರಾದರೂ ಬರೆಯಲಿ, ಆಡಿ ತೋರಿಸಲಿ. ಯಾವುದಾದರೂ ಕಾಲೇಜಿನ ಹುಡುಗಿಯರು ಗ್ಯಾದರಿಂಗಿಗೆ ಮಾಡಿದರೂ ನಡೆದೀತು, ನಾನು ಮುಂದಿನ ಸಾಲಿನಲ್ಲಿ ಕೂಡುತ್ತೇನೆ.

ಧಾರವಾಡದ ತೀರ್ಪು 2011ರಲ್ಲಿ ಬಂತು. ದತ್ತಕ ಊರ್ಜಿತವೆಂದು ಆಯಿತು. ಮೂರು ವರ್ಷದ ಮೇಲೆ ಅತ್ತಿ ಹೋದಳು. ಆಕೆಯ ಟ್ರಂಕು ತೆಗೆದಾಗ ತಳದಲ್ಲಿ, ಹುಡುಗನಿಗೆ ಅಂದು ತೊಡಿಸಿದ್ದ ಜರಿ ಟೊಪ್ಪಿಗೆಯ ಕೆಳಗೆ, ಕಾಗದಗಳ ಒಂದು ಕಟ್ಟು ಸಿಕ್ಕಿತು. ತೀರ್ಪಿನ ನಕಲು ಇರಬಹುದೆಂದುಕೊಂಡೆ. ಅದಲ್ಲ, ಆಕೆ ಸಾಕ್ಷಿ ಹೇಳಿದ ಜಬಾನಿಯ ನಕಲು. ಅತ್ತಿಯ ಮಾತೆಲ್ಲ ಕೋರ್ಟಿನ ಕನ್ನಡದಲ್ಲಿ ಬಿರುಸಾಗಿ ಕುಳಿತಿತ್ತು. ‘ಸದರ ಹುಡುಗನನ್ನು ನನ್ನ ಉಡಿಯಲ್ಲಿ ಕೂಡ್ರಿಸಿದರು. ಸದರ ಹುಡುಗನು ಎದ್ದು ಓಡಿದನು. ಪುನಃ ಕರೆತಂದು ಕೂಡ್ರಿಸಿದರು.’ ಐವತ್ತರ ಹತ್ತಿರ ಬಂದಿದ್ದ ಆ ಹುಡುಗ ನನ್ನ ಪಕ್ಕದಲ್ಲಿ ನಿಂತು ಅದನ್ನು ಎರಡು ಸಲ ಓದಿದ. ಕೆಳಗೆ ಅತ್ತಿಯ ಸೊಟ್ಟ ಸಹಿ, ಅದರ ಮೇಲೆ ಗುಮಾಸ್ತರ ಒಂದು ಸಾಲು: ‘ಓದಿ ಹೇಳಲಾಗಿ ಸರಿ ಇದೆ ಎಂದರು.’